ಎರಡು ಗುಂಡಿಯ ಹಿಡಿತ

ನಾನು ಬೂದು ಬಣ್ಣದ ಒಂದು ಪ್ಲಾಸ್ಟಿಕ್ ಇಟ್ಟಿಗೆ. ನಿಮ್ಮ ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಉದ್ದ ಇದ್ದೇನೆ. ತಲೆಯ ಮೇಲೆ ಎಂಟು ಉಬ್ಬು ಗುಂಡಿ, ಹೊಟ್ಟೆ ಟೊಳ್ಳು. ಬಿಸಿ ಪ್ಲಾಸ್ಟಿಕ್ ಗಟ್ಟಿ ಪಾಯಸದ ಹಾಗೆ ಕಬ್ಬಿಣದ ಅಚ್ಚಿನೊಳಗೆ ನುಗ್ಗಿತು, ತಣ್ಣಗಾಯಿತು, ನಾನಾದೆ. ಕಣ್ಣು ಬಿಟ್ಟಿದ್ದೇ ನಾಲ್ಕು ಗೋಡೆಯ ನಡುವೆ ನೋಡಿ. ಅಚ್ಚಿನಿಂದ ಕವರಿಗೆ, ಕವರಿನಿಂದ ಡಬ್ಬಿಗೆ ಬಿದ್ದೆ.

ಡಬ್ಬಿ ಮೈಸೂರಿನ ಒಬ್ಬ ಡಾಕ್ಟರ ಮನೆಗೆ ಹೋಯಿತು. ಅವರು ಡಬ್ಬಿಯಲ್ಲಿದ್ದ ಪುಸ್ತಕ ನೋಡಿಕೊಂಡು ಒಂದೇ ಭಾನುವಾರದಲ್ಲಿ ಕೋಟೆ ಕಟ್ಟಿದರು. ನನ್ನನ್ನು ಕೋಟೆಯ ಹಿಂದಿನ ಗೋಡೆಯಲ್ಲಿ ಕೂರಿಸಿದರು. ಆಮೇಲೆ ಕೋಟೆಯನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅವರ ಮಗ ಗಾಜಿಗೆ ಮೂಗು ಒತ್ತಿಕೊಂಡು ನಿಂತಾಗಲೆಲ್ಲ ಅವನ ತಾಯಿ, "ಮುಟ್ಟಬೇಡ ಪುಟ್ಟಾ, ಹಾಳಾಗತ್ತೆ" ಎನ್ನುತ್ತಿದ್ದರು. ಆಟದ ಸಾಮಾನು ಆಡಿದರೆ ಹಾಳಾಗುತ್ತದಂತೆ! ಹಾಗೇ ಏಳು ವರ್ಷ ಕಳೆಯಿತು. ಮೂಗು ಮೇಲಮೇಲಕ್ಕೆ ಹೋಗಿ, ಕೊನೆಗೆ ಬರುವುದೇ ನಿಂತಿತು.

ಒಂದು ದಿನ ಆ ಮನೆಯ ಪೈಪು ಒಡೆದು, ರಿಪೇರಿಗೆ ಪುಟ್ಟಮಾದಯ್ಯ ಬಂದ. ಟಿ. ನರಸೀಪುರದವನು, ಅಲ್ಲಿ ಅವನದೊಂದು ನಲ್ಲಿ ಸಾಮಾನಿನ ಅಂಗಡಿ. ಅವನು ಹೊರಡುವಾಗ ಡಾಕ್ಟರ ಹೆಂಡತಿ ಕೋಟೆಯನ್ನು ಕೆಡವಿ ಚೀಲಕ್ಕೆ ತುಂಬಿ, "ಮನೇಲಿ ಮಕ್ಕಳಿದ್ರೆ ಕೊಡಿ" ಎಂದರು. ಕೆಡವಿದಾಗ ನನಗೆ ದುಃಖವಾಯಿತು ಅಂತೀರಾ? ಮೊದಲ ಸಲ ಮೈ ಸಡಿಲವಾಯಿತು!

ಅವನ ಮಗಳು ಲಿಖಿತಾಗೆ ಆಗ ಒಂಬತ್ತು ವರ್ಷ. ಪುಸ್ತಕ ಕಳೆದುಹೋಗಿತ್ತು, ಒಳ್ಳೆಯದೇ ಆಯಿತು. ಅವಳ ಕೈಯಲ್ಲಿ ನಾನು ಮೇಕೆಯ ಹೊಟ್ಟೆಯಾದೆ, ಬಸ್ಸಿನ ಬಾಗಿಲಾದೆ, ಕಪಿಲೆಗೆ ಕಟ್ಟಿದ ಸೇತುವೆಯ ಕಂಬವಾದೆ. ಸಂಜೆಗೆ ಬಿಚ್ಚಿ ಹಾಕುತ್ತಿದ್ದಳು, ಬೆಳಿಗ್ಗೆ ನಾನು ಮತ್ತೇನೋ. ನನ್ನ ಬದುಕಿನಲ್ಲಿ ಬಿಡುಗಡೆ ಅಂತ ಇದ್ದದ್ದು ಆ ಏಳೆಂಟು ವರ್ಷ ಮಾತ್ರ.

ಡಿಪ್ಲೊಮಾ ಸೇರಿದ ಮೇಲೆ ಅವಳಿಗೊಂದು ಸ್ಪರ್ಧೆಯ ಸುದ್ದಿ ಸಿಕ್ಕಿತು. ನಮ್ಮಂಥ ಇಟ್ಟಿಗೆಗಳಿಂದ ಸ್ವಂತ ವಿನ್ಯಾಸದ ಆಕಾಶನೌಕೆ ಮಾಡಬೇಕು. ಅಂಟು ಹಾಕುವಂತಿಲ್ಲ. ಒಂದು ಭಾಗವಾದರೂ ಕೈಯಲ್ಲೇ ಬಿಚ್ಚಿ ಬರಬೇಕು. ಆರಿಸಿದ ಹತ್ತು ಜನರಿಗೆ ಒಂದು ವಾರದ ವಿನ್ಯಾಸ ಶಿಬಿರ. ಅವಳಿಗೆ ಬೇಕಾಗಿದ್ದದ್ದು ಆ ಒಂದು ವಾರ. ತನ್ನ ತಲೆಯಲ್ಲಿ ಓಡುವುದನ್ನು ಹೇಳಿದರೆ ನಗದೆ ಕೇಳುವವರು ಅವಳಿಗೆ ಆ ತನಕ ಒಬ್ಬರೂ ಸಿಕ್ಕಿರಲಿಲ್ಲ.

ಎರಡು ತಿಂಗಳು ಕಟ್ಟಿದಳು, ಕೆಡವಿದಳು. ರೆಕ್ಕೆ ಭಾರವಾಗಿ ಮೂತಿ ಎದ್ದಿತು, ಮೂತಿಗೆ ತೂಕ ಕೊಟ್ಟರೆ ಸೊಂಟ ಮುರಿಯಿತು. ಅವಳ ನೌಕೆಯ ಗುಟ್ಟು ನಡುವಿನ ಪುಟ್ಟ ಕೋಣೆ. ನೌಕೆ ಕೆಟ್ಟು ನಿಂತರೆ ಆ ಕೋಣೆಯೊಂದೇ ಕಳಚಿಕೊಂಡು ಜನರನ್ನು ಮನೆಗೆ ತರಬೇಕು. ಅದನ್ನು ನನ್ನ ತಲೆಯ ಮೇಲೆ ಕೂರಿಸಿದಳು. ನಾಲ್ಕು ಗುಂಡಿ ಹಿಡಿದರೆ ಬಿಗಿ, ಒಂದು ಹಿಡಿದರೆ ಸಡಿಲ. ಎರಡು ಹಿಡಿದಾಗ ಬೆರಳ ತುದಿಗೆ ಬಂತು.

"ಅಮ್ಮಾ, ಸಿಕ್ತು! ಎರಡೇ ಗುಂಡಿ!"

"ಅಂಗಿಗೆ ಹಾಕೋ ಗುಂಡಿ ಹುಡುಕು ಮೊದ್ಲು, ಎದೆ ಹತ್ರ ಕಿತ್ತೋಗಿದೆ," ಎಂದರು ತಾಯಿ ಚಿಕ್ಕತಾಯಮ್ಮ.

ಅಪ್ಪನಿಗೆ ಮಾತ್ರ ಅವಳು ಏನೂ ಹೇಳಲಿಲ್ಲ. "ನೀನು ಅಲ್ಲೇ ಬಂದು ನೋಡಪ್ಪ" ಎಂದಳು. ಅಲ್ಲೇ ಎಡವಟ್ಟಾಗಿದ್ದು.

ಸ್ಪರ್ಧೆಯ ದಿನ ಬೆಳಿಗ್ಗೆ ಅವಳು ತಲೆಗೆ ನೀರು ಹಾಕಿಕೊಳ್ಳಲು ಹೋದಳು. ಪುಟ್ಟಮಾದಯ್ಯ ನಡುವಿನ ಕೋಣೆ ಹಿಡಿದು ನೌಕೆಯನ್ನು ಮೆತ್ತಗೆ ಎತ್ತಿ ನೋಡಿದ. ಕೋಣೆ ಟಪ್ಪೆಂದು ಕಳಚಿ ಅವನ ಅಂಗೈಗೆ ಬಂತು. ನೋಡಿ, ಮೂವತ್ತು ವರ್ಷ ಪೈಪು ಜೋಡಿಸಿದ ಮನುಷ್ಯ ಅವನು. ಜಾಯಿಂಟ್ ಬಿಟ್ಟಿತು ಎಂದರೆ ಅವನಿಗೆ ಊರ ಮುಂದೆ ಪಂಚೆ ಜಾರಿದ ಹಾಗೆ.

"ಅಯ್ಯೋ, ಬಸ್ಸಲ್ಲೇ ಉದುರೋಯ್ತದಲ್ಲವ್ವ," ಎಂದು ಗೊಣಗಿ, ಪೈಪು ಅಂಟಿಸುವ ಸಲ್ಯೂಷನ್ ಡಬ್ಬಿ ತಂದ. ಬ್ರಶ್ಶಿನಿಂದ ನನ್ನ ತಲೆಗೆ, ಸುತ್ತಲಿನವರ ಪಕ್ಕೆಗೆ, ಪ್ರೀತಿಯಿಂದ ಸವರಿದ. ಒತ್ತಿ ಹಿಡಿದು ನೂರು ಎಣಿಸಿದ.

ಆ ನೂರರಲ್ಲಿ ನನಗಾಗಿದ್ದನ್ನು ಹೇಗೆ ಹೇಳಲಿ? ಮೈ ಉರಿಯಿತು, ಕರಗಿತು. ಪಕ್ಕದವನ ಮೈ ಎಲ್ಲಿ ಮುಗಿಯಿತು, ನನ್ನದೆಲ್ಲಿ ಶುರುವಾಯಿತು ಗೊತ್ತಾಗದೆ ಹೋಯಿತು. ಬೀರುವಿನ ಬೀಗಕ್ಕೆ ಕೀಲಿಯಿತ್ತು, ಇದಕ್ಕೆ ಕೀಲಿ ಇರಲಿಲ್ಲ. ಅವಳು ಬಂದು ನೌಕೆಯನ್ನು ಡಬ್ಬಿಗಿಟ್ಟಾಗ ನಾನು ಕೂಗಿಕೊಂಡೆ. ಇಟ್ಟಿಗೆಯ ಕೂಗು ಯಾರಿಗೆ ಕೇಳುತ್ತದೆ?

ಮೈಸೂರಿನ ಸಭಾಂಗಣದಲ್ಲಿ ಅವಳು ಚೆನ್ನಾಗಿಯೇ ಮಾತಾಡಿದಳು. ತೀರ್ಪುಗಾರರು ಮೂವರೂ ಮುಂದಕ್ಕೆ ಬಾಗಿ ಕೇಳಿದರು. "ಈಗ ನೌಕೆ ಕೆಟ್ಟಿದೆ ಅಂದ್ಕೊಳ್ಳಿ ಸಾರ್" ಎಂದು ಕೋಣೆಯನ್ನು ಎರಡು ಬೆರಳಿನಲ್ಲಿ ಎತ್ತಿದಳು.

ಬರಲಿಲ್ಲ.

ಮತ್ತೆ ಎಳೆದಳು. ಉಗುರು ಮುರಿಯಿತು. ಹಿಂದಿನ ಸಾಲಿನಿಂದ ಅಪ್ಪನ ಖುಷಿಯ ದನಿ ಬಂತು: "ಎಳುದ್ರೂ ಬರಾಕಿಲ್ಲ ಕನವ್ವ, ಹೆದರ್ಬ್ಯಾಡ!"

ಅವಳು ನೌಕೆಯನ್ನು ಮೂಗಿನ ಹತ್ತಿರ ತಂದಳು. ಹುಟ್ಟಿದಾಗಿನಿಂದ ಅಪ್ಪನ ಅಂಗಿಯಲ್ಲಿ ಇದ್ದ ವಾಸನೆ ಅದು.

"ಅಂಟು ಹಾಕಿದ್ದೀರಾ?" ಎಂದು ಕೇಳಿದರು ತೀರ್ಪುಗಾರರಲ್ಲೊಬ್ಬರು.

ಪುಟ್ಟಮಾದಯ್ಯ ಎದೆ ಉಬ್ಬಿಸಿ ಎದ್ದು ನಿಂತು, "ಹೂಂ ಸಾ, ಅದು..." ಎನ್ನುವಷ್ಟರಲ್ಲಿ ಅವಳು, "ನಾನೇ ಹಾಕ್ದೆ ಸಾರ್" ಎಂದಳು. ಅವನು ಮೆಲ್ಲಗೆ ಕೂತ. ಅವರು ಅವಳ ಹೆಸರಿನ ಮೇಲೆ ಗೆರೆ ಎಳೆದರು. ಆಮೇಲಷ್ಟೇ, ಮೆಟ್ಟಿಲಿಳಿಯುವಾಗ ಬಾಗಿಲಿಗೆ ಅಂಟಿಸಿದ್ದ ನಿಯಮದ ಹಾಳೆಯನ್ನು ಅವನು ಬೆರಳಿಟ್ಟು ಓದಿದ.

ಮನೆಯಲ್ಲಿ ಮೂರು ದಿನ ಅವಳು ನೌಕೆಯ ಡಬ್ಬಿ ತೆರೆಯಲಿಲ್ಲ. ಚಿಕ್ಕತಾಯಮ್ಮ ಸುಮ್ಮನಿರುವ ಹೆಂಗಸಲ್ಲ. "ಊರೋರ ನಲ್ಲಿ ಸೋರೋದೆಲ್ಲ ನಿಲ್ಲುಸ್ತೀರಿ, ಮಗಳ ಕಣ್ಣು ಸೋರ್ತಾವೆ, ಅದ್ಕೇನ್ ಮಾಡೀರಿ?" ಎಂದರು.

ನಾಲ್ಕನೆಯ ದಿನ ಮಧ್ಯಾಹ್ನ ಅವನು ಅಂಗಡಿಯ ಬಾಗಿಲು ಅರ್ಧ ಎಳೆದು, ನೌಕೆಯನ್ನು ತೊಡೆಯ ಮೇಲಿಟ್ಟುಕೊಂಡ. ಕೈಯಲ್ಲಿ ಪೈಪು ಕುಯ್ಯುವ ಗರಗಸ. ಜೋಡಣೆಯ ಗೆರೆ ಹಿಡಿದೇ ಶುರುಮಾಡಿದ. ಆದರೆ ಗಟ್ಟಿಯಾದ ಅಂಟಿಗೆ ತಾಗಿ ಗರಗಸದ ಹಲ್ಲು ಕೆಳಕ್ಕೆ ಜಾರಿ ನನ್ನೊಳಗೆ ಇಳಿಯಿತು. ಆಗಲೇ ಲಿಖಿತಾ ಬಂದು ಬಾಗಿಲಲ್ಲಿ ನಿಂತಳು. ನೋಡಿದಳು. ಒಳಗೆ ಬಂದು ಕೂತು, ಎರಡೂ ಕೈಯಲ್ಲಿ ನೌಕೆಯನ್ನು ಒತ್ತಿ ಹಿಡಿದಳು.

"ಮೆತ್ತಗೆ ಎಳಿಯಪ್ಪ."

"ನೀ ಯಾಕವ್ವ ಅವತ್ತು ಹಂಗಂದೆ? ನಾನೇ ಅಂತ ಯೋಳ್ತಿದ್ನಲ್ಲ."

"ಯೋಳಿದ್ರೆ ಅಷ್ಟು ಜನ ನಿನ್ನ ನೋಡಿ ನಗೋರು. ಗರಗಸ ನೋಡ್ಕೊ, ಬೆರಳು ಹೋದಾತು."

ಆ ಮಾತು ಮುಗಿಯುವಷ್ಟರಲ್ಲಿ ನಾನು ಎರಡಾದೆ. ಎಂಟು ಗುಂಡಿಯ ತಲೆ ಕೋಣೆಯ ಜೊತೆ ಹೋಯಿತು, ಟೊಳ್ಳು ಮೈ ನೌಕೆಯಲ್ಲೇ ಉಳಿಯಿತು. ಲಿಖಿತಾ ಕೋಣೆಯನ್ನು ಎರಡು ಬೆರಳಲ್ಲಿ ಎತ್ತಿ ಅಪ್ಪನ ಮೂಗಿನ ಮುಂದೆ ಹಿಡಿದಳು. ಅವತ್ತು ಸಭೆಯಲ್ಲಿ ಅರ್ಧಕ್ಕೆ ನಿಂತಿದ್ದ ಮಾತನ್ನು ಅಲ್ಲಿಂದಲೇ ಹಿಡಿದು ಕೊನೆತನಕ ಅವನೊಬ್ಬನಿಗೆ ಹೇಳಿದಳು. ಅವನು ನಗಲಿಲ್ಲ. ನಡುವೆ ಎರಡು ಪ್ರಶ್ನೆ ಕೇಳಿದ, ಒಂದಕ್ಕೆ ಅವಳಿಗೂ ಉತ್ತರ ಗೊತ್ತಿರಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಕುಯ್ದ ಜಾಗ ಹಳದಿಗಟ್ಟಿದೆ. ಅಂಗಡಿಯಲ್ಲಿ ನಲ್ಲಿಗಳ ಪಕ್ಕದ ಹಲಗೆಯೇ ನನ್ನ ಜಾಗ. ವಾಷರ್ ಕೊಳ್ಳಲು ಬಂದವರು "ಇದೇನಣ್ಣ?" ಎಂದರೆ ಪುಟ್ಟಮಾದಯ್ಯನಿಗೆ ಅಷ್ಟೇ ಸಾಕು.

"ನನ್ ಮಗಳ ಡಿಸೈನು. ಆ ಕೋಣೆ ಎತ್ತಿ ನೋಡಿ ಸಾ, ಬತ್ತದೆ. ಬರ್ಬೇಕು ಅದು."

ಅವರು ಎತ್ತುತ್ತಾರೆ. ನನ್ನ ತಲೆ ಯಾರದೋ ಅಂಗೈಯಷ್ಟು ಎತ್ತರಕ್ಕೆ ಹೋಗಿ ರಸ್ತೆ, ಬಸ್ಸು, ಒಂದು ತುಂಡು ಆಕಾಶ ನೋಡುತ್ತದೆ. ಮೈ ಕೆಳಗೆ ಕಾಯುತ್ತಿರುತ್ತದೆ. ಅವೆರಡರಲ್ಲಿ ನಾನು ಯಾವುದು ಎಂದು ಇನ್ನೂ ತಿಳಿದಿಲ್ಲ. ಅಷ್ಟರಲ್ಲಿ ಅವರು, ಒಳ್ಳೆಯ ಜನ ಪಾಪ, ತಲೆಯನ್ನು ಜೋಪಾನವಾಗಿ ಮತ್ತೆ ಅಲ್ಲೇ ಇಟ್ಟು ಹೋಗುತ್ತಾರೆ.