ಹುಣಸೆಹಣ್ಣಿನಲ್ಲಿ ತೊಳೆದ ತೋಟಾಗಳು

ಕಿಲುಬು ಹಿಡಿದ ಹಿತ್ತಾಳೆಯನ್ನು ದೇವರ ಮುಂದೆ ಇಡಬಾರದೆಂದು ಶಿವಲಿಂಗಮ್ಮನಿಗೆ ಅವರ ತಾಯಿ ಕಲಿಸಿದ್ದರು. ಆ ಮಾತಿನಂತೆ ನಡೆದದ್ದೊಂದೇ ಶಿವಲಿಂಗಮ್ಮ ಮಾಡಿದ ತಪ್ಪು. ಅಮೆರಿಕದ ಮಾನ್ಮತ್ ಜಂಕ್ಷನ್ ಎಂಬ ಊರಿನಲ್ಲಿ ಮಗಳ ಮನೆಯ ಬೇಸ್‌ಮೆಂಟಿನಲ್ಲಿ ಅಳಿಯನ ಖಾಲಿ ತೋಟಾಗಳು ಎರಡು ತಟ್ಟೆಗಳಲ್ಲಿ ಕುತ್ತಿಗೆ ನೀಲಿಗಟ್ಟಿ ನಿಂತಿದ್ದವು. ಆಯುಧಪೂಜೆಯ ದಿನ ಬಂದೂಕಿಗೆ ಕುಂಕುಮವಿಟ್ಟು ಇವನ್ನು ಹೀಗೇ ಬಿಡುವುದುಂಟೇ? ನೂರನ್ನೂ ಒಂದೇ ಬೋಗುಣಿಗೆ ಸುರಿದು, ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿ, ಫಳಫಳ ಹೊಳೆಯುವಂತೆ ಮಾಡಿಟ್ಟರು.

ಅಳಿಯ ಶಿವಪ್ರಕಾಶ ವಾರವೆಲ್ಲ ಕಂಪ್ಯೂಟರ್ ಕುಟ್ಟಿ, ಶನಿವಾರ ಗುರಿ ಹೊಡೆಯಲು ಹೋಗುವ ಮಹಾಶಯ. ಹಾರಿಸಿದ ತೋಟಾಗಳ ಕುತ್ತಿಗೆ ಕಾಯಿಸಿ ಮೆದು ಮಾಡಿದರೆ ಮತ್ತೆ ಮತ್ತೆ ತುಂಬಿ ಬಳಸಬಹುದಂತೆ. ಅದಕ್ಕೆ ಗ್ಯಾಸಿನ ಉರಿಯ ಮಷೀನು ಕೊಳ್ಳುವುದೋ, ಕರೆಂಟಿನ ಸುರುಳಿಯದೋ ಎಂದು ಎರಡು ತಿಂಗಳಿಂದ ಮನೆಯವರ ತಲೆ ತಿಂದಿದ್ದ. ಕೊನೆಗೆ ಕ್ಲಬ್ಬಿನವರಿಂದ ಎರಡನ್ನೂ ಕಡ ತಂದು, ಐವತ್ತೈವತ್ತು ಕಾಯಿಸಿ, ಹೋಲಿಸಿ ನೋಡಲು ಬೇರೆ ಬೇರೆ ಇಟ್ಟಿದ್ದ. ಬೋಗುಣಿಯಲ್ಲಿ ಕಲೆತುಹೋದದ್ದು ಅವೇ.

ಅವನು ಕೂಗಾಡಲಿಲ್ಲ. ಕೂಗಾಡಿದ್ದರೇ ವಾಸಿಯಿತ್ತು.

"ಅತ್ತೆ, ನಿಮ್ಮ ವೀಸಾ ಎಕ್ಸ್‌ಟೆನ್ಶನ್ ಫೈಲ್ ಮಾಡ್ಬೇಕು ಅಲ್ವಾ?" ಎಂದು ನಕ್ಕ. "ಇವನ್ನ ಮೊದಲಿದ್ದ ಹಾಗೆ ಬೇರೆ ಮಾಡಿ ಕೊಡಿ. ಸಂಡೇವರೆಗೂ ಟೈಮ್ ಇದೆ. ಎಲ್ಲಾ ಸರಿಯಿದ್ರೆ ಅವತ್ತೇ ಫೈಲ್ ಮಾಡ್ತೀನಿ."

ಮಗಳು ಅರ್ಪಿತಾಗೆ ಚೊಚ್ಚಲು, ಏಳು ತಿಂಗಳು ತುಂಬಿತ್ತು. ಶಿವಲಿಂಗಮ್ಮನಿಗೆ ಅಮೆರಿಕದಲ್ಲಿ ಇರಲು ಕೊಟ್ಟ ಆರು ತಿಂಗಳು ಹೆರಿಗೆಗೆ ಹದಿನೈದು ದಿನ ಮುಂಚೆಯೇ ಮುಗಿಯುತ್ತಿತ್ತು. ಬಸುರಿಯ ಆರೈಕೆಗೂ ಬಾಣಂತನಕ್ಕೂ ಎಂದು ನಂಜನಗೂಡಿನಿಂದ ಅಂಟು, ಓಮ, ಒಣಶುಂಠಿ ಹೊತ್ತು ತಂದವರು ಮಗುವಿನ ಮುಖ ನೋಡದೆ ಹಿಂದಿರುಗುವುದೇ?

"ಎಲ್ಲಾ ಒಂದೇ ಥರ ಅವೆಯಲ್ಲ, ಹೆಂಗೆ ಬೇರೆ ಮಾಡ್ಲಿ?"

"ಅದು ನಿಮಗೆ ಬಿಟ್ಟಿದ್ದು."

ಬಿಂದಿಗೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ ನೋಡದ ಹೆಂಗಸಿಲ್ಲ. ಶಿವಲಿಂಗಮ್ಮ ಒಂದೊಂದೇ ತೋಟಾವನ್ನು ದಾರಕ್ಕೆ ಕಟ್ಟಿ ತೂಗುಬಿಟ್ಟು, ಚಮಚದಿಂದ ತಟ್ಟಿ ಕಿವಿಗೊಟ್ಟರು. ಮನೆ ಬಿಸಿ ಮಾಡುವ ಫರ್ನೇಸು ಗೊಣಗತೊಡಗಿದರೆ ಅದು ನಿಲ್ಲುವ ತನಕ ಕಾದರು. ಮೊದಮೊದಲು ಏನೂ ತಿಳಿಯಲಿಲ್ಲ. ಬರಬರುತ್ತ ಕೆಲವು ಒಂದೇ ದನಿ ಹೊರಡಿಸುತ್ತವೆ, ಉಳಿದವು ಒಂದೊಂದೂ ಒಂದೊಂದು ಬಗೆ ಎಂಬುದು ಕಿವಿಗೆ ಹತ್ತಿತು. ಎರಡು ದಿನ ಸೊಂಟ ಬಿದ್ದುಹೋಗುವಂತೆ ಕೂತರು. ಅಳಿಯ ಆಗಾಗ ಕಾಫಿ ಲೋಟ ಹಿಡಿದು ಬಂದು, ನಿಂತು ನೋಡಿ ಹೋಗುತ್ತಿದ್ದ.

ಭಾನುವಾರ ಸಂಜೆ, ಕೊನೆಯದನ್ನು ಎಡಗಡೆಯ ತಟ್ಟೆಗೆ ಹಾಕುವಾಗ ಅದರ ತಳದಲ್ಲಿ ಹೆಬ್ಬೆರಳಿಗೆ ಏನೋ ತಗುಲಿತು. ಅರದಿಂದ ಉಜ್ಜಿದ ಸಣ್ಣ ಗೀರು. ಇನ್ನೊಂದನ್ನು ಮುಟ್ಟಿ ನೋಡಿದರು, ಅದರಲ್ಲೂ ಇತ್ತು. ಎಡಗಡೆಯ ಐವತ್ತಕ್ಕೂ ಗೀರು. ಬಲಗಡೆಯ ಒಂದಕ್ಕೂ ಇಲ್ಲ. ಒಂದೂ ತಪ್ಪಿಲ್ಲವೆಂದು ಹಿಗ್ಗಿದರು. ಆಮೇಲೆ ಹೊಳೆಯಿತು: ಗುರುತು ಮಾಡಿದ್ದವನು ಐದು ನಿಮಿಷದಲ್ಲಿ ತಾನೇ ಬೇರೆ ಮಾಡಬಹುದಿತ್ತು.

ಆದರೂ ಅಳಿಯ ಇಳಿದು ಬಂದಾಗ ಬಾಯಿ ಬಿಗಿಹಿಡಿದು, "ಈ ಬಲಗಡೆಯವೆಲ್ಲಾ ಒಂದೇ ದನಿ. ಎಡಗಡೆಯವು ಒಂದೊಂದೂ ಒಂದೊಂದ್ ಥರ," ಎಂದಷ್ಟೇ ಹೇಳಿದರು.

ಅವನು ನಾಲ್ಕಾರನ್ನು ತಿರುಗಿಸಿ ತಳ ನೋಡಿದ. ಮುಖ ಅರಳಿತು. "ಹಾಗಾದ್ರೆ ಸುರುಳೀದೇ ಸರಿ. ಎಲ್ಲಾ ಒಂದೇ ಹದ!" ಎಂದು ನಿಂತಲ್ಲೇ ಫೋನಿನಲ್ಲಿ ಮಷೀನು ಆರ್ಡರ್ ಮಾಡಿದ.

"ನನ್ನ ಎಕ್ಸ್‌ಟೆನ್ಶನ್ನು?"

"ಹತ್ತು ಹನ್ನೆರಡು ತಪ್ಪಾಗಿದೆ ಅತ್ತೆ. ನವೆಂಬರ್ ಹತ್ತಕ್ಕೆ ಟಿಕೆಟ್ ನೋಡ್ತೀನಿ. ಬಾಣಂತನಕ್ಕೆ ನಮ್ಮಮ್ಮ ಬರ್ತಾರೆ, ಬಿಡಿ."

ಶಿವಲಿಂಗಮ್ಮ ಒಂದು ತೋಟಾ ಹಿಡಿದು ಅಡುಗೆಮನೆಗೆ ಹೋಗಿ, ಮಗಳ ಹೆಬ್ಬೆರಳನ್ನು ಆ ಗೀರಿನ ಮೇಲಿಟ್ಟರು.

"ನೋಡೇ, ಗುರ್ತು ಹಾಕಿ ಇಟ್ಟವ್ರೆ. ನಂದು ಒಂದೂ ತಪ್ಪಾಗಿಲ್ಲ. ನೀನಾದ್ರೂ ಒಂದ್ ಮಾತು ಹೇಳೇ."

ಅರ್ಪಿತಾ ಕತ್ತೆತ್ತಲಿಲ್ಲ. "ಗುರ್ತಿರೋದು ಗೊತ್ತಮ್ಮ. ಪೂಜೆ ದಿನಾನೇ ಹೇಳಿದ್ರು."

"ಮತ್ತೆ ಎರಡ್ ದಿನ ಸುಮ್ನಿದ್ದೆಯಲ್ಲೇ?"

"ನೀನೇ ಬೇಜಾರಾಗಿ ಹೊರಡ್ತೀನಿ ಅಂತೀಯ ಅಂದ್ಕೊಂಡೆ. ಅವರಮ್ಮಂಗೆ ಹೋದ ತಿಂಗಳೇ ಟಿಕೆಟ್ ಆಗಿದೆ. ಅದನ್ನ ನಾನು ಹೇಗಮ್ಮ ನಿಂಗೆ ಹೇಳ್ಲಿ?"

ಶಿವಲಿಂಗಮ್ಮ ಮಗಳ ಕೈಯಿಂದ ತೋಟಾ ತೆಗೆದುಕೊಂಡರು. ಮೆಟ್ಟಿಲಿಳಿದು ಹೋಗಿ ಅದನ್ನು ಎಡಗಡೆಯ ತಟ್ಟೆಗೇ ಹಾಕಿಟ್ಟರು.