ಗವಸು ಕಳಚಿದ ಕೈ

ಹಿಮ ಸುರಿಯುತ್ತಿದ್ದರೂ ಪ್ರೇಬೆನ್ ಬಲಗೈಯ ಗವಸು ಕಳಚದೆ ಯಾರ ಕೈಯನ್ನೂ ಕುಲುಕುತ್ತಿರಲಿಲ್ಲ. ಡೇನರ ನಾಡಿನ ಕಾಸ್ಟ್ರುಪ್ ವಿಮಾನ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಪೆಟ್ಟಿಗೆಗಳನ್ನೆತ್ತಿ ಎಡಕ್ಕೆ ವಾಲಿದ ಭುಜ, ವಿಮಾನ ಕಂಪನಿಯ ಹೆಸರು ಮಾಸಿಹೋದ ಹಳದಿ ಕೋಟು, ಮಾತಿಗೆ ಮೊದಲು ಗಂಟಲಲ್ಲಿ ಹೊರಳುವ ಒಂದು 'ಹೂಂ' – ಇವುಗಳಿಂದ ಅವನನ್ನು ದೂರದಿಂದಲೇ ಗುರುತಿಸಬಹುದಿತ್ತು. ಕೆಲಸಗಾರರು ಆರಿಸಿದ ಪ್ರತಿನಿಧಿಗೆ ಡೇನರ ಮಾತಿನಲ್ಲಿ 'ನಂಬಿಕೆಯವನು' ಎಂದೇ ಹೆಸರು. ಆ ಹುದ್ದೆಯಲ್ಲಿದ್ದ ಪ್ರೇಬೆನ್ ಅದನ್ನು ತನ್ನ ಸ್ವಭಾವವೆಂದೇ ತಿಳಿದಿದ್ದ.

ಸಾಮಾನು ತುಂಬುವ ಕೆಲಸವನ್ನು ಹೊಸ ಕಂಪನಿಯೊಂದಕ್ಕೆ ಒಪ್ಪಿಸುತ್ತಾರೆಂಬ ಸುದ್ದಿ ಹಬ್ಬಿದ ಫೆಬ್ರವರಿಯ ಬೆಳಿಗ್ಗೆ, ನಲವತ್ತೆರಡು ಮಂದಿ ಊಟದ ಕೋಣೆಯಲ್ಲಿ 'ಸಭೆ' ಸೇರಿದರು. ಒಪ್ಪಂದ ಜಾರಿಯಲ್ಲಿರುವಾಗ ಮುಷ್ಕರ ಹೂಡುವಂತಿಲ್ಲ. ಆದ್ದರಿಂದ ಕೆಲಸ ನಿಲ್ಲಿಸಿ, ಕಾಫಿ ಬಗ್ಗಿಸಿಕೊಂಡು ಅದನ್ನು ಸಭೆಯೆನ್ನುತ್ತಾರೆ. ಹೊರಗೆ ಪೆಟ್ಟಿಗೆಗಳ ಮೇಲೆ ಹಿಮ ಕೂರುತ್ತಿತ್ತು. ಕಂಪನಿಯ ನಿರ್ದೇಶಕ ಹೆನ್ನಿಂಗ್ ಪ್ರೇಬೆನ್‌ನನ್ನು ಬಾಗಿಲಾಚೆ ಕರೆದು, ನೀವೆಲ್ಲ ಕೆಲಸಕ್ಕೆ ಮರಳಿ; ಪಾಳಿ, ರಜೆ, ವಿರಾಮ ಎಲ್ಲದರ ಒಪ್ಪಂದವೂ ಹೊಸ ಕಂಪನಿಗೆ ನಿಮ್ಮ ಜೊತೆಗೇ ಬರುತ್ತದೆ ಎಂದ. ಪ್ರೇಬೆನ್ ಗವಸು ಕಳಚಿದ. ಕಾಗದ ಕೇಳಲಿಲ್ಲ.

ಇಪ್ಪತ್ತು ವರ್ಷ ಅವನ ಜೊತೆ ಒಂದೇ ಗಾಡಿಯಲ್ಲಿ ದುಡಿದ ಫಿನ್, ರೈ ಧಾನ್ಯದ ರೊಟ್ಟಿ ಅಗಿಯುತ್ತಲೇ ಕೇಳಿದ: "ಬರೆಸ್ಕೊಂಡ್ಯೇನೋ?"

"ಹೂಂ... ಕೈ ಕೊಟ್ಟು ಹೇಳಿದಾನೆ ಕಣೋ."

"ಆಮೇಲೆ ಕೈ ಕೊಡದಿದ್ರೆ ಸರಿ."

ಎಲ್ಲರೂ ನಕ್ಕರು. ಆದರೂ ಮೊದಲು ಎದ್ದು ಕೆಲಸಕ್ಕೆಂದು ಟೋಪಿ ಹಾಕಿಕೊಂಡವನು ಫಿನ್.

ಏಪ್ರಿಲ್‌ನಲ್ಲಿ ಅವರೆಲ್ಲ ಹೊಸ ಕಂಪನಿಗೆ ಸೇರಿದರು. ಹೆನ್ನಿಂಗ್ ಹಳೆಯದರಲ್ಲೇ ಉಳಿದ. ಹಳೆಯ ಒಪ್ಪಂದದ ಅವಧಿ ಮುಗಿದ ಮೇಲೆ ತಾನದಕ್ಕೆ ಬದ್ಧವಲ್ಲವೆಂದು ಹೊಸ ಕಂಪನಿ ಕಾನೂನಿನ ಗಡುವಿನೊಳಗೇ ಪತ್ರ ಕಳಿಸಿತು. ಕಾರ್ಮಿಕ ಸಂಘದ ವಕೀಲರು, ಹೆನ್ನಿಂಗ್ ಕೊಟ್ಟ ಮಾತಿಗೆ ಬರಹವೇನಾದರೂ ಇದೆಯೇ ಎಂದಷ್ಟೇ ಕೇಳಿ ಕಡತ ಮುಚ್ಚಿದರು. ಹೊಸ ವ್ಯವಸ್ಥಾಪಕಿ ಸಿಗ್ನೆ ಕೆಟ್ಟವಳಲ್ಲ, ಅವನಿಗೆ ತಾನೇ ಕಾಫಿ ಬಗ್ಗಿಸಿ ಮೆಲ್ಲಗೆ ಹೇಳಿದಳು: "ಇದ್ರಲ್ಲಿ ಮೋಸ ಏನಿಲ್ಲ ಪ್ರೇಬೆನ್. ಈ ಕಂಪನಿ ನಿನ್ನ ಕೈ ಕುಲುಕೇ ಇಲ್ವಲ್ಲ."

ಅವಧಿ ಮುಗಿದ ಮೇಲೆ, ಬೆಳಿಗ್ಗೆ ಒಂದಿಷ್ಟು ರಾತ್ರಿ ಒಂದಿಷ್ಟು ಎಂದು ದಿನವನ್ನು ಎರಡಾಗಿ ಸೀಳಿದ ಪಾಳಿಗಳು ಬಂದವು. ಫಿನ್‌ನ ಬೆನ್ನು ತಡೆಯಲಿಲ್ಲ; ಅವನು ಕೆಲಸ ಬಿಟ್ಟ. ಅವನ ಕೊನೆಯ ದಿನ ಪ್ರೇಬೆನ್ ಎಂದಿನಂತೆ ಗವಸು ಕಳಚಿದ; ಆದರೆ ಕೈ ಮುಂದೆ ಹೋಗಲಿಲ್ಲ. ಫಿನ್ ಬೈದಿದ್ದರೆ ಹಗುರಾಗುತ್ತಿತ್ತೇನೋ. ಅವನು, "ಹಾಕ್ಕೊಳೋ, ಬೆರಳು ಮರಗಟ್ತವೆ," ಎಂದು ಹೊರಟುಹೋದ.

ಪ್ರತಿನಿಧಿಯ ಮುಂದಿನ ಚುನಾವಣೆಗೆ ಪ್ರೇಬೆನ್ ನಿಲ್ಲಲಿಲ್ಲ. ಆ ನಾಡಿನ ಒಪ್ಪಂದಗಳು ಬಹುಕಾಲ ಇಂಥವರ ಬರಿಗೈಗಳ ಮೇಲೆಯೇ ನಿಂತಿದ್ದವು. ಕಂಪನಿಗೂ ಒಂದು ಕೈಯಿದೆ, ನಾಳೆಯೂ ಅದು ಅದೇ ಕೈಯಾಗಿರುತ್ತದೆ ಎಂದು ನಂಬಿದವರು ಅವರು. ಕಂಪನಿಗಳು ಹೆಸರು ಬದಲಿಸಿ ಮುಂದೆ ಸಾಗುತ್ತವೆ. ನಂಬಿಕೆಯವನು ಮಾತ್ರ, ಮಾತು ಕೊಟ್ಟ ಅದೇ ಕೈಯಿಂದ ಮರುದಿನವೂ ಪೆಟ್ಟಿಗೆ ಎತ್ತಬೇಕು.