ನೀರು ಸಿಹಿಯೋ ಸವಳೋ

ಶಿರಾಳಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದ ಸಿಂಚನಾಗೆ ಕೈಯಲ್ಲಿದ್ದ ಇಡ್ಲಿ ಪೊಟ್ಟಣ ಬಿಚ್ಚಲೂ ಮನಸ್ಸಿರಲಿಲ್ಲ. ಮಧ್ಯಾಹ್ನ ಬಯಲುಸೀಮೆ ಕಡೆಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಸಂದರ್ಶನ. ಏನು ಕೇಳುತ್ತಾರೋ, ತಾನೇನು ತೊದಲುತ್ತೇನೋ ಎಂಬುದೇ ಯೋಚನೆ.

ಬಸ್ ಹತ್ತಿಸಲು ಬಂದಿದ್ದ ಅಜ್ಜಿ ಬಂಗಾರಮ್ಮನಿಗೆ ಗೊತ್ತಿದ್ದದ್ದು ಒಂದೇ ಬಗೆಯ ಸಂದರ್ಶನ, ಹೆಣ್ಣು ನೋಡುವ ಶಾಸ್ತ್ರ.

“ಸೊರಬದಾಗೆ ನನ್ನ ನೋಡಾಕೆ ಬಂದಾಗ ನಂಗೂ ಹಿಂಗೇ ಹೆದ್ರಿಕೆ ಆಗಿತ್ತು ಕಣೇ. ಆಮೇಲೆ ನಾನೇ ಕೇಳ್ದೆ, ನಿಮ್ಮೂರ ಬಾವಿ ನೀರು ಸಿಹಿನೋ ಸವಳೋ ಅಂತ. ಅವರು ಮುಖ ಮುಖ ನೋಡ್ಕಂಡ್ರು, ನನ್ನ ಹೆದ್ರಿಕೆ ಹೋತು. ನೀನೂ ಏನಾರ ಕೇಳು. ಅಲ್ಲಿ ಇರಾಕೆ ಹೋಗೋಳು ನೀನು.”

“ಅಯ್ಯೋ ಅಜ್ಜಿ, ಅದು ಕಾಲೇಜು!” ಸಿಂಚನಾ ನಕ್ಕಳು. ನಕ್ಕ ಮೇಲೆ ಪೊಟ್ಟಣ ಬಿಚ್ಚಿ ಇಡ್ಲಿ ತಿಂದಳು.

ಕಾಲೇಜಿನಲ್ಲಿ ಮೇಜಿನಾಚೆ ಮೂವರು ಕೂತಿದ್ದರು. ಮೊದಲ ಪ್ರಶ್ನೆಗೇ ಅವಳ ಉತ್ತರ ಅರ್ಧಕ್ಕೆ ನಿಂತಿತು. ಹಿರಿಯ ಮೇಡಂ ಕನ್ನಡಕ ತೆಗೆದಿಟ್ಟು, “ಇರಲಿ, ನೀನೇ ನಮ್ಮನ್ನ ಏನಾದ್ರೂ ಕೇಳಮ್ಮ” ಎಂದರು.

ಬಾಯಿಗೆ ಬಂದದ್ದು ಒಂದೇ. “ಹಾಸ್ಟೆಲ್ ನೀರು ಸಿಹಿನಾ ಮೇಡಂ, ಸವಳಾ?”

ಮೂವರೂ ನಕ್ಕುಬಿಟ್ಟರು. “ಸವಳು ಕಣಮ್ಮ. ಬೇಳೆನೇ ಬೇಯಲ್ಲ. ಕುಡಿಯೋಕೆ ಕ್ಯಾನ್ ತರಿಸ್ತೀವಿ” ಎಂದರು ಮೇಡಂ. ಆಮೇಲೆ ಮಾತು ಸಲೀಸಾಯಿತು.

ಹೊರಗೆ ಬಂದವಳೇ ಅಜ್ಜಿಗೆ ಫೋನ್ ಮಾಡಿದಳು. “ಸೀಟು ಸಿಗುತ್ತೋ ಇಲ್ವೋ ಗೊತ್ತಿಲ್ಲಜ್ಜಿ. ನೀರಂತೂ ಸವಳಂತೆ.”

ಅಜ್ಜಿ ಹೇಳಿದಳು:

“ನಿಮ್ಮಜ್ಜನ ಮನೆಯೋರು ಸಿಹಿ ಅಂದಿದ್ರು ಕಣೇ. ಬಂದ ದಿನಾನೇ ಗೊತ್ತಾತು, ಬರೀ ಸವಳು. ಇವರು ನಿಜ ಹೇಳ್ಯಾರೆ. ಸೀಟು ಕೊಟ್ರೆ ಸೇರ್ಕ.”